ಹಾಲಮ್ಮನ ಕಾರಿಗೆ ಕೆಂಪು ದೀಪ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ನಗಿ. ಹಾಲಮ್ಮನಿಗೆ ಮಾತ್ರ ನಗೋಕೆ ಪುರಸೊತ್ತಿರಲಿಲ್ಲ.

ಹರಿಹರದಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ಉಳಿದದ್ದು ಎರಡು: ಮೂವತ್ತು ವರ್ಷದ ಕಾರು, ಮೂವತ್ತು ವರ್ಷದ ಮಗ. ಕಾರಾದರೂ ತಳ್ಳಿದರೆ ಹೊರಡುತ್ತಿತ್ತು. ಮಗ ಕೊಟ್ರೇಶಿ ಹೇಳಿದ್ದನ್ನೇ ಮಾಡೋನು. ಅದೇ ತಾಪತ್ರಯ.

ಸಂಜೆ ಮಂಡಕ್ಕಿ ಚೀಲ ತುಂಬಿಕೊಂಡು ಹಾಲಮ್ಮನೇ ಕಾರು ಓಡಿಸಿಕೊಂಡು ಹೋಗೋಳು. ಹಿಂದಿನ ದೀಪ ಮಿಣುಕುಹುಳದಷ್ಟೇ. ಎರಡು ಸಲ ಲಾರಿ ಬಂದು ಗುದ್ದೋದೊಂದು ಬಾಕಿ. 'ನನಗೇನಾದರೂ ಆದರೆ ಇವನಿಗ್ಯಾರು ಗತಿ?' ಅಂತ ಅವಳಿಗೆ ದಿಗಿಲು. ಮೆಕ್ಯಾನಿಕ್ ಇಮಾಮ್ ಸಾಬರು, "ಹೊಸ ಕಾರಿನ ದೊಡ್ಡ ದೀಪ ಹಾಕೋಣ ಅಕ್ಕಾ. ಗುಜರಿಯಿಂದ ಒಂದು ಜೊತೆ ತರಿಸಿ" ಅಂದರು.

ಭಟ್ಟಿ ಬಿಟ್ಟು ಏಳೋ ಹಾಗಿಲ್ಲ. ಮಗನನ್ನ ಕಳಿಸಿದಳು.

"ಸುಮ್ನೆ ತರಬೇಡ. ಚೆನ್ನಾಗಿ ಉರಿಯುತ್ತಾ ನೋಡಿ ತಾ!"

"ಆಗ್ಲಿ ಅವ್ವಾ!"

ಹೋದ. ಕೊಂಡ. ಕಡ್ಡಿ ಗೀರಿದ!

ಬರುವಾಗ ಕೈಯಲ್ಲಿ ಕರಗಿದ ಕೆಂಪು ಮುದ್ದೆ. "ಭಾಳ ಚೆನ್ನಾಗಿ ಉರೀತು ಅವ್ವಾ! ಆರಿಸೋಕೇ ಆಗ್ಲಿಲ್ಲ!"

"ಅಯ್ಯೋ ನನ್ನ ಕರ್ಮವೇ! ನಾಜೂಕು ಸಾಮಾನು ಕಣಲೇ! ಅಂಥದ್ದನ್ನ ಕಂಬಳಿ ಸುತ್ತಿ, ಎದೆಗವಚಿಕೊಂಡು, ನೆಲ ಸೋಕಿಸದ ಹಾಗೆ ತರಬೇಕು!"

"ಮುಂದಿನ ಸಲ ಹಂಗೇ ತರ್ತೀನಿ ಅವ್ವಾ!"

ಮಾರನೇ ದಿನ ಭಟ್ಟಿ ಆರಿಸಿ ತಾನೇ ಹೋಗಿ ಇನ್ನೊಂದು ಜೊತೆ ತಂದಳು. ತಂದು, "ಹೋಗಲೇ, ಇಮಾಮ್ ಸಾಬರನ್ನ ಹುಷಾರಾಗಿ ಕರ್ಕೊಂಡು ಬಾ. ಅವರಿಗೆ ಮೊಣಕಾಲು ನೋವು" ಅಂದಳು.

ಹೋದ. ಸಾಬರಿಗೆ ಕಂಬಳಿ ಸುತ್ತಿದ. ಎದೆಗವಚಿಕೊಂಡ. ನೆಲ ಸೋಕಿಸದೆ ಎರಡು ಬೀದಿ ಹೊತ್ತು ತಂದ! ಒಳಗಿಂದ ಸಾಬರು, "ಬಿಡೋ ಮಾರಾಯಾ! ಉಸಿರು ಕಟ್ತಾ ಇದೆ!" ಅಂತ ಕೂಗುತ್ತಲೇ ಇದ್ದರು.

ಹಾಲಮ್ಮ ಹಣೆ ಹಣೆ ಚಚ್ಚಿಕೊಂಡಳು. "ಮನೆಗೆ ಬಂದೋರನ್ನ ಹಿಂಗಾ ತರೋದು? ಮರ್ಯಾದೆಯಾಗಿ ಮೆತ್ತಗೆ ಕೂರಿಸಿ ಚಾ ಕೊಡಬೇಕು ಕಣಲೇ!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವಾ!"

ಸಾಬರು ಬೆವರು ಒರೆಸಿಕೊಂಡು ದೀಪ ಹಿಡಿದು ನೋಡಿದರು. "ಹೊಸದು ಹಳೇ ಕಾರಿಗೆ ಹಂಗೇ ಕೂರಲ್ಲ ಅಕ್ಕಾ. ತಗಡು ಕತ್ತರಿಸಿ ಕೂರಿಸಬೇಕು. ಕತ್ತರಿ ತರ್ತೀನಿ" ಅಂತ ಕುಂಟುತ್ತಾ ಹೋದರು.

ಅವರು ಬರೋದರೊಳಗೆ ಕೊಟ್ರೇಶಿ ದೀಪ ಕೂರಿಸಿಬಿಟ್ಟಿದ್ದ! ಎಲ್ಲಿ? ಕಾರಿನ ಹಿಂದಿನ ಸೀಟಿನ ಮೇಲೆ. ಕೆಳಗೆ ಅವ್ವನ ಎರಡು ದಿಂಬು. ಮುಂದೆ ಎರಡು ಲೋಟ ಚಾ.

"ಚೆನ್ನಾಗಿ ಕೂತವೆ ಅವ್ವಾ! ಚಾ ಮಾತ್ರ ಮುಟ್ಟಿಲ್ಲ!"

ಬೈಯಲು ಬಾಯಿ ತೆರೆದರೆ ಹಾಲಮ್ಮನಿಗೆ ಮೊದಲು ಆಕಳಿಕೆ ಬಂತು. ಒಂದು ಲೋಟ ತಾನು ಕುಡಿದಳು, ಇನ್ನೊಂದು ಸಾಬರಿಗೆ ಕೊಟ್ಟಳು.

"ದೀಪ ಚಾ ಕುಡಿಯೋಕಲ್ಲ ಕಣಪ್ಪಾ. ಹಿಂದೆ ಬರೋರಿಗೆ ಕಾಣೋಕೆ. ಕೆಂಪು ಕಂಡ್ರೆ ಹಿಂದಿನೋರು ನಿಲ್ಲಬೇಕು. ತಿಳೀತಾ?"

"ತಿಳೀತು ಅವ್ವಾ!"

ಸಾಬರು ತಗಡು ಕತ್ತರಿಸಿದರು, ಸಂದಿಗೆ ರಬ್ಬರು ತುಂಬಿದರು. ಹಳೇ ತಂತಿಗೂ ಹೊಸ ತಂತಿಗೂ ಬಣ್ಣ ತಾಳೆಯಾಗದೆ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದರು. ಸಂಜೆಗೆ ದೀಪ ಹತ್ತಿತು. ಎಂಥ ಕೆಂಪು! ಎದುರುಮನೆ ಗೋಡೆಯೆಲ್ಲ ಕೆಂಪು.

"ನಾನು ನಿಧಾನಕ್ಕೆ ಹೋಗ್ತೀನಿ. ನೀನು ಹಿಂದೆ ನಡೆದು ಬಾ, ಎಷ್ಟು ದೂರಕ್ಕೆ ಕಾಣುತ್ತೆ ನೋಡು" ಅಂದಳು ಹಾಲಮ್ಮ.

ದೊಡ್ಡ ರಸ್ತೆಯ ತುದಿ ಮುಟ್ಟಿ ನೋಡಿದರೆ ಮಗನಿಲ್ಲ. ಕಾದಳು. ಬರಲಿಲ್ಲ. ಕಾರು ತಿರುಗಿಸಿ ಬಂದಳು.

ನಡುರಸ್ತೆಯಲ್ಲಿ ಕೊಟ್ರೇಶಿ ಎರಡೂ ಕೈ ಅಗಲಿಸಿ ನಿಂತಿದ್ದ. ಅವನ ಹಿಂದೆ ಒಂದು ಬಸ್ಸು, ಎರಡು ಟ್ರಾಕ್ಟರು, ಒಂದು ಎತ್ತಿನ ಗಾಡಿ. ಎಲ್ಲಾ ಹಾರನ್ನು, ಎಲ್ಲಾ ಬೈಗುಳ.

"ನಿಲ್ರಪ್ಪೋ! ಕೆಂಪು ಆರಿಲ್ಲ! ಅವ್ವ ಹೇಳ್ಯಾಳೆ!"

ಹಾಲಮ್ಮ ಎಲ್ಲರಿಗೂ ಕೈ ಮುಗಿದಳು. ಬೈಯಲಿಲ್ಲ. ಬುದ್ಧಿ ಹೇಳಲಿಲ್ಲ. ಮಗ ಜೀವಸಹಿತ ಇದ್ದನಲ್ಲ, ಅಷ್ಟೇ ಸಾಕಾಗಿತ್ತು. ಕಾರನ್ನು ಮತ್ತೆ ತಿರುಗಿಸಿ ಅವನ ಮುಂದೆ ನಿಲ್ಲಿಸಿ, ಕಿಟಕಿಯಿಂದ ಒಂದೇ ಮಾತಂದಳು:

"ಹತ್ತಲೇ ಕಾರು."

"ಆಗ್ಲಿ ಅವ್ವಾ!"

ಹಿಂದೆ ಧಡ್ ಅಂತ ಸದ್ದಾಯಿತು. ಬಾಗಿಲು ಹಾಕಿಕೊಂಡ ಅಂದುಕೊಂಡಳು. ತಿರುಗಿ ನೋಡುವಷ್ಟು ತ್ರಾಣ ಕತ್ತಿನಲ್ಲಿರಲಿಲ್ಲ. ಮೆಲ್ಲಗೆ ಹೊರಟಳು.

ಹತ್ತು ಮಾರು ಹೋಗಿರಲಿಲ್ಲ, ಬಸ್ಸು ಪಕ್ಕಕ್ಕೆ ಬಂತು. ಡ್ರೈವರ್ ಕತ್ತು ಚಾಚಿ ಕೂಗಿದ:

"ಅಮ್ಮಾ! ನಿಮ್ಮ ಮಗ ಡಿಕ್ಕಿ ಮೇಲೆ ಹತ್ತಿ ಕೂತವ್ನೆ! ಎರಡು ಕಾಲು ಎರಡು ದೀಪಕ್ಕೆ ಅಡ್ಡ ಇಳಿಬಿಟ್ಟವ್ನೆ! ಕೆಂಪು ಒಂದು ಚೂರೂ ಕಾಣಲ್ಲ!"