ಅಣ್ಣನೂ ಒಂದೇ, ತಮ್ಮನೂ ಒಂದೇ

“ಲಾಯ ಗುಡಿಸೋಳು ಕುದುರೆ ಇಟ್ಕೊಂಡು ಬಾಳ್ತಾಳಾ?” ಎಂದು ನಕ್ಕವರು ನನ್ನ ಧಣಿ ವೀರರಾಜಯ್ಯನವರೇ. ಅವರ ಫಾರಂನಲ್ಲಿ ಒಂದೇ ತಂದೆ ತಾಯಿಗೆ ಹುಟ್ಟಿದ ಎರಡು ಬೀಜದ ಕುದುರೆಗಳಿದ್ದವು. ಅಣ್ಣ ರಣಧೀರ ಹನ್ನೊಂದು ರೇಸ್ ಗೆದ್ದವನು. ತಮ್ಮ ಸಮೀರ ಒಂದನ್ನೂ ಗೆದ್ದಿರಲಿಲ್ಲ. ನನ್ನ ಚಾಕರಿಗೆ ರಣಧೀರನ ಮರಿ ಕೊಡುತ್ತೇನೆಂದಿದ್ದ ಧಣಿ, ನಾನು ಕೆಲಸ ಬಿಡುವ ದಿನ ಸಮೀರನ ಹಗ್ಗ ಕೈಗಿತ್ತರು.

“ಒಂದೇ ರಕ್ತ ಕಣೇ. ಬೀಜಕ್ಕೆ ಅಣ್ಣನೂ ಒಂದೇ, ತಮ್ಮನೂ ಒಂದೇ.”

“ಹಾಗಂತ ಬರೆದುಕೊಡಿ, ಬುದ್ಧಿ.”

ಓದು ಬಾರದವಳೆಂದುಕೊಂಡು ನಗುತ್ತಲೇ ಬರೆದು ಸಹಿ ಹಾಕಿದರು. ನಾನು ಮೇವಿನ ಚೀಲದ ಅಕ್ಷರ ನೋಡಿಯೇ ಓದು ಕಲಿತವಳು. ಧಣಿಯ ಫಾರಂ ಆಚೆ ನನ್ನದೇ ಲಾಯ ಕಟ್ಟಿ, ಕಾಗದಕ್ಕೆ ಚೌಕಟ್ಟು ಹಾಕಿಸಿ ಗೇಟಿಗೆ ತೂಗುಹಾಕಿದೆ. ಕೆಳಗೆ ‘ರಣಧೀರನ ತಮ್ಮನ ಬೀಜ, ಇಲ್ಲಿ ಅರ್ಧ ಬೆಲೆ’ ಎಂದು ಬರೆದೆ. ಹೆಣ್ಣುಕುದುರೆ ತುಂಬಿದ ಲಾರಿಗಳು ಧಣಿಯ ಫಾರಂ ದಾಟಿ ನನ್ನಲ್ಲಿಗೇ ಬಂದವು.

ಧಣಿ ಕೆಂಡವಾಗಿ ಬಂದರು. “ತೆಗಿಯೇ ಅದನ್ನ!”

“ಯಾಕೆ ಬುದ್ಧಿ, ಸುಳ್ಳು ಬರೆದಿದ್ರಾ?”

ಲಾರಿಯವರೆಲ್ಲ ಕಿವಿ ನಿಮಿರಿಸಿದರು. ಹೌದೆಂದರೆ ಮೋಸಗಾರ, ಅಲ್ಲವೆಂದರೆ ಗಿರಾಕಿಗಳು ನನ್ನ ಪಾಲು; ಧಣಿ ನನ್ನನ್ನು ಪಕ್ಕಕ್ಕೆ ಕರೆದು ಕಾಗದಕ್ಕೆ ಏನು ಬೇಕೆಂದು ಕೇಳಿದರು. ಸಂಜೆಗೆ ರಣಧೀರನ ಮರಿ ನನ್ನ ಅಂಗಳಕ್ಕೆ ಬಂತು, ಕಾಗದ ಅವರ ಜೇಬಿಗೆ ಹೋಯಿತು.

ಈಗ ನನ್ನ ಲಾಯದಲ್ಲಿ ಸಮೀರನಿದ್ದಾನೆ, ರಣಧೀರನ ಮಗಳೂ ಇದ್ದಾಳೆ. ತೆತ್ತ ಬೆಲೆ, ಧಣಿಯ ಚಾಕರಿಯಲ್ಲಿ ಕುದುರೆಯ ಒದೆತಕ್ಕೆ ಹೋದ ಎರಡು ಮುಂದಿನ ಹಲ್ಲು. ಆದರೂ ಬಾಯಿ ತುಂಬ ನಗುತ್ತೇನೆ.