ಮಗುವನ್ನು ಹಿಡಿದ ಕೈ

ಕಪಿಲಾ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಮರಿದೇವಯ್ಯ ಎಂಬ ಮುದುಕರಿದ್ದರು. ನಲವತ್ತು ವರ್ಷ ಪೇಟೆಯಲ್ಲಿ ಫೋಟೋ ಸ್ಟುಡಿಯೋ ನಡೆಸಿ, ಹೆಂಡತಿ ತೀರಿಕೊಂಡ ಮೇಲೆ ಬಾಗಿಲು ಹಾಕಿ ಬಂದವರು. ಬೆಳಿಗ್ಗೆ ಹೂಗಿಡಗಳಿಗೆ ನೀರು ಹಾಕುತ್ತಿದ್ದರು. ಸಂಜೆ, ಕೇಳಿಕೊಂಡು ಬಂದವರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸುತ್ತಿದ್ದರು.

ಸುನಂದ ಅವರ ಶಿಷ್ಯೆ. ಮಗು ಹುಟ್ಟಿದ ಖುಷಿಗೆ ಗಂಡ ತಂದುಕೊಟ್ಟ ಡಿಎಸ್ಎಲ್ಆರ್ ಕ್ಯಾಮೆರಾ ಅವಳ ಕೊರಳಲ್ಲಿ ತಾಳಿಗಿಂತ ಮುಂದೆ ನೇತಾಡುತ್ತಿತ್ತು.

ಒಂದು ಸಂಜೆ ಅವಳು ಬಿರಬಿರನೆ ಬಂದಳು.

"ಗುರುಗಳೇ, ಹೊಸ ಲೆನ್ಸಲ್ಲಿ ತೆಗೆದಿದ್ದೀನಿ. ಹಿಂದಿನದೆಲ್ಲ ಹೇಗೆ ಬೆಣ್ಣೆ ಥರ ಕರಗಿಹೋಗಿದೆ ನೋಡಿ! ಥೇಟ್ ಸಿನಿಮಾ!"

ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಅವಳ ಮಗು. ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಮಗುವಿನ ಹಿಂದೆ ಕಂದು ಬಣ್ಣದ ಏನೋ ಒಂದು ಮುದ್ದೆ.

"ಇದೇನಮ್ಮ, ಗೋಣಿಚೀಲವಾ?"

"ಅದು ನಮ್ಮ ದೊಡ್ಡಮ್ಮ. ಮಗು ಎತ್ಕೊಂಡಿದ್ದಾರೆ."

"ಅವರು ಇದನ್ನ ನೋಡಿದ್ರಾ?"

ಸುನಂದಳ ಮುಖ ಇಳಿಯಿತು.

ನೋಡಿದ್ದರು. ತಾಯಿಯಿಲ್ಲದ ಸುನಂದಳನ್ನು ಸಾಕಿದವರು ಈ ದೊಡ್ಡಮ್ಮ, ಹೊಂಬಾಳಮ್ಮ. ಬಾಣಂತನಕ್ಕೆಂದು ಬಂದು ಐದು ತಿಂಗಳಾಗಿತ್ತು. ತಾಯಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರೆರೆದು, ಸಾಂಬ್ರಾಣಿ ಹಾಕಿ, ರಾತ್ರಿ ಹಗಲು ತೊಟ್ಟಿಲು ತೂಗಿದ್ದರು. ಸುನಂದ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಟ್ಟಿದ್ದಳು.

"ಮಗ ಮುತ್ತಿನಂಗೈತೆ," ಎಂದಿದ್ದರು ಹೊಂಬಾಳಮ್ಮ. "ಹಿಂದಕ್ಕೆ ಯಾರವ್ವ ಇದು, ಹೊಗೆ ಎದ್ದಂಗೆ?"

ಯಾರೆಂದು ತಿಳಿದ ಮೇಲೆ ನಕ್ಕುಬಿಟ್ಟಿದ್ದರು. ಆದರೆ ಅಂದಿನಿಂದ ಕ್ಯಾಮೆರಾ ಕಂಡರೆ ಸಾಕು, ಅಡುಗೆಮನೆ ಸೇರುತ್ತಿದ್ದರು. ಕರೆದರೆ, "ನನ್ ಮೊಕ ಏನ್ ತಗೀತಿ ಬುಡು, ಮಗೀನ್ದು ತಗಿ," ಎನ್ನುತ್ತಿದ್ದರು.

"ನಾಡಿದ್ದು ಬೆಳಿಗ್ಗೆ ಬಸ್ಸಿಗೆ ಊರಿಗೆ ಹೊರಡ್ತಾರೆ, ಗುರುಗಳೇ. ಉಳಿದಿರೋದು ನಾಳೆ ಒಂದೇ ದಿನ. ಬೀದಿ ನಾಯಿದು ತೆಗೆದೆ. ನಲ್ಲಿಯಿಂದ ತೊಟ್ಟಿಕ್ಕೋ ಹನಿದು ಮುನ್ನೂರು ತೆಗೆದೆ. ನನ್ನ ಸಾಕಿದವರದು ನೆಟ್ಟಗಿರೋದು ಒಂದೂ ಇಲ್ಲ."

"ಕೂರಿಸಿ ತೆಗಿ."

"ಸೆರಗು ಹೊದ್ದುಬಿಡ್ತಾರೆ. ದೂರದಿಂದ ತೆಗೆಯೋ ಉದ್ದನೆ ಲೆನ್ಸ್ ಬಾಡಿಗೆಗೆ ಸಿಗುತ್ತಂತೆ. ತಂದು, ಅವರಿಗೆ ಗೊತ್ತಾಗದ ಹಾಗೆ ತೆಗೆಯಲಾ?"

"ಪೊದೆಯಲ್ಲಿ ಕೂತು ಹುಲಿ ಫೋಟೋ ತೆಗೆಯೋ ಹಾಗಾ?"

ಮರಿದೇವಯ್ಯ ಎದ್ದು ಒಳಗೆ ಹೋದರು. ಒಂದು ಹಳೆಯ ಫೋಟೋ ತಂದು ಅವಳ ಕೈಗಿಟ್ಟರು. ಎತ್ತರದ ಸ್ಟೂಲಿನ ಮೇಲೆ ಎಳೆಯ ಮಗು. ಹಿಂದೆ ಕಪ್ಪು ಪರದೆ.

"ಈ ಮಗು ಯಾಕೆ ಬೀಳಲಿಲ್ಲ?"

"ಸ್ಟೂಲು ಗಟ್ಟಿಯಾಗಿತ್ತು."

"ಬಾಯಿ ಮುಚ್ಚಿ, ಕಣ್ಣು ಬಿಟ್ಟು ನೋಡು."

ಅವಳು ಬೆಳಕಿಗೆ ಹಿಡಿದು ನೋಡಿದಳು. ಮಗುವಿನ ಪಕ್ಕೆಯ ಹತ್ತಿರ ನಾಲ್ಕು ಕಪ್ಪು ಗೀರುಗಳಿದ್ದವು.

"ಏನಿದು?"

"ಬೆರಳು. ಕೂರಕ್ಕೆ ಬಾರದ ಮಕ್ಕಳನ್ನ ಪರದೆ ಹಿಂದೆ ಕುಕ್ಕರುಗಾಲಲ್ಲಿ ಕೂತು ಯಾರಾದರೂ ಹಿಡ್ಕೋತಿದ್ರು. ಫೋಟೋದಲ್ಲಿ ಆ ಕೈ ಕಾಣಬಾರದು. ನೆಗೆಟಿವ್ ಮೇಲೆ ಬ್ಲೇಡ್ ಆಡಿಸಿ ಕೆರೆದು ತೆಗೀತಿದ್ದೆ. ಆ ಕೆಲಸದಲ್ಲಿ ನನ್ನ ಮೀರಿಸೋರು ಇರಲಿಲ್ಲ."

"ಯಾರ ಮಗು ಇದು?"

"ನನ್ನದೇ."

ಸುನಂದ ಆ ನಾಲ್ಕು ಗೀರುಗಳನ್ನು ಮತ್ತೊಮ್ಮೆ ನೋಡಿದಳು. ಕೇಳಬಾರದು ಎಂದುಕೊಂಡಳು. ಅವಳ ಬಾಯಿ ಯಾವತ್ತು ಅವಳ ಮಾತು ಕೇಳಿತ್ತು?

"ಅಮ್ಮನವರದು ಬೇರೆ ಫೋಟೋ ಇದೆಯಾ, ಗುರುಗಳೇ?"

"ಸ್ಟುಡಿಯೋದವನ ಹೆಂಡತಿ ಅಲ್ವಾ? ಯಾವಾಗ ಬೇಕಾದ್ರೂ ತೆಗೆಯಬಹುದು ಅಂದ್ಕೊಂಡಿದ್ದೆ."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಮುದುಕರು ಫೋಟೋ ವಾಪಸು ತೆಗೆದುಕೊಂಡರು.

"ಚೆನ್ನಾಗಿ ಕೆರೆದಿದ್ದೀನಿ, ಅಲ್ವಾ?"

ಸುನಂದ ತನ್ನ ಕ್ಯಾಮೆರಾದ ಪರದೆಯ ಮೇಲಿನ ಕಂದು ಮುದ್ದೆಯನ್ನು ನೋಡಿದಳು.

"ನಾಳೆ ನಿಮ್ಮ ದೊಡ್ಡಮ್ಮನನ್ನ ಕರಕೊಂಡು ಬಾ."

"ಕ್ಯಾಮೆರಾ ಮುಂದೆ ಬರಲ್ಲ ಅಂದ್ನಲ್ಲ."

"ಮುಂದೆ ಬಾ ಅಂತ ಯಾರು ಕರೆದರು? ಮಗು ಹಿಡ್ಕೊಳ್ಳೋಕೆ ಜನ ಬೇಕು ಅನ್ನು."

ಮಗು ಹಿಡಿಯಲು ಹೊಂಬಾಳಮ್ಮ ಇಲ್ಲವೆಂದಾರೆಯೇ? ಮರುದಿನ ಬಂದರು. ಹೊಳೆಯ ಮೆಟ್ಟಿಲ ಮೇಲೆ ಮಗುವನ್ನು ಕೂರಿಸಿ, ಹಿಂದಿನ ಮೆಟ್ಟಿಲಲ್ಲಿ ತಾವು ಕೂತು, ಮುಖದ ತುಂಬ ಸೆರಗು ಎಳೆದುಕೊಂಡು, ಎರಡೂ ಕೈಗಳಿಂದ ಮಗುವಿನ ಸೊಂಟ ಹಿಡಿದರು.

"ಲೆನ್ಸಿನ ನಂಬರ್ ಎಷ್ಟರಲ್ಲಿದೆ?" ಮರಿದೇವಯ್ಯ ಕೇಳಿದರು.

"ಒಂದು ಪಾಯಿಂಟ್ ಎಂಟು."

"ಹನ್ನೊಂದಕ್ಕೆ ಇಡು."

"ಅಷ್ಟಿಟ್ಟರೆ ಹಿಂದಿನದೆಲ್ಲ ಕಾಣುತ್ತೆ! ಗೋಡೆ, ಪಾಚಿ, ಯಾರೋ ಒಣಹಾಕಿರೋ ಲುಂಗಿ, ಎಲ್ಲ!"

"ಕಾಣಲಿ."

ಸುನಂದ ಒತ್ತಿದಳು.

ಮಗು ನಗುತ್ತಿತ್ತು. ಗೋಡೆಯೂ ಬಂದಿತ್ತು, ಲುಂಗಿಯೂ ಬಂದಿತ್ತು. ಮಗುವಿನ ಸೊಂಟದ ಸುತ್ತ ಎರಡು ಕೈಗಳು. ಹಸಿರು ಬಳೆ, ಮಾಸಿದ ಹಚ್ಚೆ, ಉಬ್ಬಿದ ಗೆಣ್ಣುಗಳು, ಬೆಳಗಿನ ಹರಳೆಣ್ಣೆಯ ಹೊಳಪು.

"ದೊಡ್ಡಮ್ಮ, ಇದನ್ನಾದರೂ ನೋಡು ಬಾ."

ಹೊಂಬಾಳಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ಬಗ್ಗಿ ನೋಡಿದರು.

"ಅಯ್ ನಮ್ಮವ್ವ! ನನ್ ಕೈಯ್ಯಲ್ವಾ!" ಸೆರಗಿನ ತುದಿಯಿಂದ ಪರದೆಯನ್ನು ಒರೆಸಿ ಮತ್ತೆ ನೋಡಿದರು. "ಹೆಂಗೆ ಹಿಡ್ಕೊಂಡವೆ ನೋಡು, ಕಳ್ಳ್ ಮುಂಡೇವು!"

ಸುನಂದಳಿಗೆ ಮನೆಯ ಗೋಡೆಯ ಮೇಲಿನ ಒಂದು ಫೋಟೋ ನೆನಪಾಯಿತು. ಆರು ತಿಂಗಳ ಸುನಂದ, ಪೇಟೆಯ ಯಾವುದೋ ಸ್ಟುಡಿಯೋದಲ್ಲಿ, ಸ್ಟೂಲಿನ ಮೇಲೆ ರಾಣಿಯ ಹಾಗೆ ನೆಟ್ಟಗೆ ಕೂತಿದ್ದಳು. ಬಂದವರಿಗೆಲ್ಲ ತೋರಿಸಿ, "ಆಗಲೇ ಒಬ್ಬಳೇ ಕೂರ್ತಿದ್ದೆ," ಎಂದು ಜಂಬ ಕೊಚ್ಚಿಕೊಂಡಿದ್ದಳು.

"ದೊಡ್ಡಮ್ಮ, ನನ್ನ ಆ ಫೋಟೋದಲ್ಲಿ ಹಿಂದೆ ನೀನಿದ್ಯಾ?"

"ಇನ್ಯಾರು, ನಿಮ್ಮಪ್ಪ ಕೂತಿದ್ನಾ? ನೀನ್ ನಗೋಗಂಟ ಆ ಸ್ಟುಡಿಯೋದವ್ನು ಫೋಟ ಹೊಡೀನಿಲ್ಲ. ನೀನೋ, ಒಂದ್ ಗಂಟೆ ನಗ್ನಿಲ್ಲ. ಮಂಡಿ ಹಿಡ್ಕೊಂಡು ಮೂರ್ ದಿನ ಏಳಾಕಾಗ್ನಿಲ್ಲ ನಂಗೆ."

"ಒಂದು ದಿನವಾದರೂ ಹೇಳಲಿಲ್ವಲ್ಲ!"

"ಹೇಳದೇನೈತೆ ಅದ್ರಲ್ಲಿ?"

ಹೊಂಬಾಳಮ್ಮ ಪರದೆಯ ಮೇಲಿನ ತಮ್ಮ ಕೈಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮಗುವನ್ನು ಮರಿದೇವಯ್ಯನವರ ಕೈಗೆ ಕೊಟ್ಟು, ಹೋಗಿ ಮೆಟ್ಟಿಲ ಮೇಲೆ ಕೂತರು. ಸೆರಗು ಹೆಗಲಿಗೆ ಇಳಿಯಿತು. ಮುಂಗೂದಲು ಸವರಿಕೊಂಡು ಕತ್ತೆತ್ತಿದರು.

"ತಗಿ ಮತ್ತೆ, ಒಂದ್ ತಗಿ. ಮನ್ಗೋಗಿ ಗಂಟು ಕಟ್ಬೇಕು."

ಸುನಂದ ಕ್ಯಾಮೆರಾ ಎತ್ತಿದಳು. ಇಳಿಸಿದಳು. ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಎತ್ತಿದಳು.

"ಗುರುಗಳೇ, ಕಣ್ಣು ತುಂಬ್ಕೊಂಡು ಏನೂ ಕಾಣ್ತಿಲ್ಲ."

ಮರಿದೇವಯ್ಯ ಮಗುವನ್ನು ಎದೆಗವುಚಿಕೊಂಡು ನಿಂತಿದ್ದರು.

"ಅವರಿಗೆ ನೀನು ಕಾಣ್ತಿದ್ದೀಯ," ಎಂದರು. "ಒತ್ತು."