ನಾಲ್ಕನೆಯ ಕಂಬಳಿ

“ಬುದ್ಧಿ, ಕೋಪವನ್ನು ಬಿಡಲಾರದವರು ಮಠದ ಅನ್ನಕ್ಕೆ ಕೈ ಹಾಕುವುದು ಸರಿಯೆ?” ಎಂದು ಶಿಷ್ಯ ನೀಲಕಂಠ ಗುರುಗಳನ್ನು ಕೇಳಿದ.

ಅವನು ಕೇಳಿದ್ದು ಗುರುಬಸಮ್ಮನ ವಿಷಯ. ಮಠದ ದಾಸೋಹದ ಅಡುಗೆ ಅವಳದು. ಹಿಂದಿನ ವಾರ ನೀಲಕಂಠ ಪೇಟೆಯಿಂದ ಒಂದು ಹಿತ್ತಾಳೆಯ ಕೊಳಗ ತಂದಿದ್ದ. ಅಂಗಡಿಯವನು ಒಳಗೆ ತೋರಿಕೆಗೆ ಮಾತ್ರ ಕಲಾಯಿ ಬಳಿದಿದ್ದ. ಒಲೆಯ ಮೇಲೆ ಕಲಾಯಿ ಬಿಟ್ಟುಕೊಂಡಿತು. ಹುಣಸೆಹುಳಿ ಬಿದ್ದ ಸಾರು ಕಿಲುಬೆದ್ದು ಬಾಯಿಗೆ ಇಡಲಾಗದಂತೆ ಆಯಿತು. ತುಂಬಿದ ಪಂಕ್ತಿಯ ನಡುವೆ ನಿಂತು ನೀಲಕಂಠ, ಪಾತ್ರೆ ತೊಳೆಯದೆ ಅಡುಗೆಗೆ ಇಡುವ ಕೊಳಕಿ ಎಂದು ಅವಳನ್ನು ಬೈದ. ಮರುದಿನ ತಪ್ಪು ಕೊಳಗದ್ದು ಎಂದು ತಿಳಿಯಿತು. ಅವನು ಕೊಳಗಕ್ಕೆ ಹೊಸದಾಗಿ ಕಲಾಯಿ ಹಾಕಿಸಿದ. ಅವಳಿಗೆ ಒಂದು ಸೀರೆ ಕಳಿಸಿದ. ಸೀರೆ ಮಡಿಕೆ ಬಿಚ್ಚದೆ ಹಿಂದಕ್ಕೆ ಬಂತು. ಅಂದಿನಿಂದ ಅವಳು ಅವನ ಎಲೆಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

“ಸೀರೆಯನ್ನೂ ಕೊಟ್ಟೆ, ಬುದ್ಧಿ. ಇನ್ನೇನು ಮಾಡಲಿ? ಕ್ಷಮೆ ದೊಡ್ಡ ಗುಣ ಎಂದು ತಾವೇ ಹೇಳುತ್ತೀರಿ.”

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕುದುರೆ ಸಾಕಿ ಮಾರುವ ಮನೆತನವೊಂದಿತ್ತು. ಅದು ನಿನ್ನೆ ಮೊನ್ನೆಯ ಮನೆತನವಲ್ಲ. ಆಗ ಅದನ್ನು ನಡೆಸುತ್ತಿದ್ದ ಯಜಮಾನಿಯ ಮುತ್ತಜ್ಜನ ಕಾಲದಿಂದಲೂ ಆ ಲಾಯದ ಕುದುರೆ ಎಂದರೆ ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಿರಲಿಲ್ಲ. ಆ ಮನೆಯವರು ಕುದುರೆಯ ಕೊರತೆಯನ್ನು ಮೊದಲು ಹೇಳಿ, ಗುಣವನ್ನು ಆಮೇಲೆ ಹೇಳುತ್ತಿದ್ದರು. ಕುಂಟನ್ನು ಮುಚ್ಚಿ ಮಾರಿದ ಒಬ್ಬ ಅಳಿಯನನ್ನು ಅವಳ ಅಜ್ಜ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಇನ್ನೊಂದು ಕಟ್ಟಳೆಯೂ ಅಲ್ಲಿತ್ತು. ಹಗ್ಗವನ್ನು ಕೊಂಡವರ ಕೈಗೆ ಕೊಟ್ಟ ಮೇಲೆ ಆ ಕುದುರೆಯ ಮೈಯನ್ನು ಅವರು ಮತ್ತೆ ಮುಟ್ಟುತ್ತಿರಲಿಲ್ಲ. ಕೊಟ್ಟದ್ದರ ಮೇಲೆ ಕೈ ಇಟ್ಟರೆ ಅದು ಇನ್ನೂ ನನ್ನದು ಎಂದಂತಾಗುತ್ತದೆ ಎಂಬುದು ಅವರ ಎಣಿಕೆ. ದಾರಿಯಲ್ಲಿ ಎದುರಾದ ಕುದುರೆಯೇ ಗುರುತು ಹಿಡಿದು ಕತ್ತು ಚಾಚಿದರೂ ಯಜಮಾನಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಅದು ಅವಳಿಗೆ ಸುಲಭವಾಗಿರಲಿಲ್ಲ.

ಒಬ್ಬ ಸಾಹುಕಾರ ಅವಳಿಂದ ಒಂದು ಕುದುರೆ ಕೊಂಡ. ಕೊಡುವಾಗ ಅವಳು, ಇದರ ಬೆನ್ನು ಗಿಡ್ಡ, ಇದಕ್ಕೆ ಉದ್ದನೆಯ ಜೀನು ಹಾಕಬಾರದು ಎಂದು ಹೇಳಿದಳು. ಸಾಹುಕಾರ ಕುದುರೆಯ ಬಣ್ಣ ನೋಡುತ್ತಾ ಹೂಂ ಎಂದ.

ಅವನ ಮನೆಯಲ್ಲಿ ಪಶ್ಚಿಮ ದೇಶದಿಂದ ಹಡಗಿನಲ್ಲಿ ತರಿಸಿದ ಒಂದು ಜೀನು ಇತ್ತು. ಅಲ್ಲಿಯ ದನಗಾಹಿಗಳು ದಿನವಿಡೀ ಕೂತು ಮಂದೆ ಅಟ್ಟುವ ಜೀನು ಅದು. ಮುಂದೆ ಹಗ್ಗ ಸುತ್ತಲು ಒಂದು ಗೂಟ, ಹಿಂದೆ ಅಗಲವಾದ ತೊಗಲಿನ ಅಂಚು, ಒಳಗೆ ಉದ್ದನೆಯ ಮರದ ಹಲಗೆಗಳು. ಅದನ್ನು ಅವನು ನಡುಮನೆಯಲ್ಲಿ ಇಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ. ಅಂಥ ಜೀನು ಬಿಟ್ಟು ಬೇರೆಯದರ ಮೇಲೆ ಕೂರುವುದು ಅವನ ಅಂತಸ್ತಿಗೆ ಒಪ್ಪಲಿಲ್ಲ.

ಕೆಲವೇ ದಿನಗಳಲ್ಲಿ ಕುದುರೆ ಜೀನು ಕಂಡರೆ ಕಿವಿ ಹಿಂದಕ್ಕೆ ಒತ್ತತೊಡಗಿತು. ಬೆನ್ನಿಗೆ ಒತ್ತುತ್ತಿರಬೇಕು ಎಂದು ಸಾಹುಕಾರ ಜೀನಿನ ಕೆಳಗೆ ಒಂದು ಕಂಬಳಿ ಹಾಕಿಸಿದ. ಕುದುರೆ ಕಚ್ಚಲು ಬಂತು. ಎರಡನೆಯ ಕಂಬಳಿ ಹಾಕಿಸಿದ. ಬೆನ್ನು ಗೂನು ಮಾಡಿ ನಿಂತಿತು. ಮೂರನೆಯದನ್ನೂ ಹಾಕಿಸಿ, ಹೊಟ್ಟೆಯ ಪಟ್ಟಿಯನ್ನು ಇನ್ನೂ ಬಿಗಿದು ಸಂತೆಗೆ ಹೊರಟ. ಕುದುರೆ ಸಂತೆಯ ನಡುವೆ ಅವನನ್ನು ಕೆಡವಿತು.

ಮೈಯ ದೂಳು ಕೊಡವಿಕೊಳ್ಳುವ ಮೊದಲೇ ಅವನು ಬಾಯಿ ತೆರೆದ. ಮಾರುವ ದಿನ ಅಫೀಮು ತಿನ್ನಿಸಿ ಕುದುರೆಯನ್ನು ಸಾಧು ಮಾಡಿ ತೋರಿಸಿದ್ದಾರೆ, ಅವರ ಮನೆಯ ವ್ಯಾಪಾರವೇ ಇಂಥದ್ದು ಎಂದು ನಾಲ್ಕು ದಿಕ್ಕಿಗೂ ಕೇಳುವಂತೆ ಕೂಗಿದ.

ಹೊರಗೆ ಹೋಗಿದ್ದ ಯಜಮಾನಿ ಮನೆ ಸೇರುವ ಮೊದಲೇ ಮಾತು ಅಲ್ಲಿಗೆ ತಲುಪಿತ್ತು. ಲಾಯದ ಮುಂದೆ ಕುದುರೆ ನೋಡಲು ಬಂದಿದ್ದವರು ಹೇಳದೆ ಹೊರಟುಹೋಗಿದ್ದರು. ಕಣ್ಣು ಕಾಣದ ತಂದೆ ಜಗಲಿಯಲ್ಲಿ ಕೂತು, “ನಮ್ಮ ಲಾಯದಲ್ಲಿ ಅಫೀಮು ಯಾರು ಇಟ್ಟರು, ಮಗಳೇ?” ಎಂದು ಕೇಳಿದ. ತಂದೆಯೇ ಹಾಗೆ ಕೇಳುವಂತಾಯಿತಲ್ಲ ಎಂದು ಅವಳ ಮೈ ಉರಿಯಿತು. ಬೈದದ್ದು ಅವಳೊಬ್ಬಳನ್ನಾಗಿದ್ದರೆ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆ ಕೂಗು ಮುತ್ತಜ್ಜನನ್ನೂ ಸುಳ್ಳುಗಾರನನ್ನಾಗಿ ಮಾಡಿತ್ತು. ಬಾಯಿಲ್ಲದ ಕುದುರೆಯನ್ನು ಅಫೀಮಿನ ಪಶು ಮಾಡಿತ್ತು.

ಮುಂದಿನ ಸಂತೆಗೆ ಕುದುರೆಯನ್ನೂ ಜೀನನ್ನೂ ತರಬೇಕು, ಬಿದ್ದ ಜಾಗದಲ್ಲೇ ನಿಲ್ಲಬೇಕು ಎಂದು ಅವಳು ಹೇಳಿಕಳಿಸಿದಳು. ಅವಳ ಮೋಸ ಬಯಲಾಗಲಿ ಎಂದು ಸಾಹುಕಾರ ಸಂತೋಷದಿಂದಲೇ ತಂದ. ಜನ ಸೇರಿದರು. ಕುದುರೆ ಅವಳನ್ನು ಕಂಡು ಕತ್ತು ಚಾಚಿತು. ಅವಳು ಕೈ ಹಿಂದೆ ಕಟ್ಟಿಕೊಂಡಳು.

ಕಂಬಳಿಗಳನ್ನು ತೆಗೆಸಿ ಎಂದಳು. ಕಂಬಳಿ ತೆಗೆದಾಗ ಬೆನ್ನಿನ ಮೇಲೆ ಕೂದಲು ಉದುರಿ ಹುಣ್ಣಾದದ್ದು ಎಲ್ಲರಿಗೂ ಕಂಡಿತು. ಬರಿಯ ಬೆನ್ನಿನ ಮೇಲೆ ಜೀನು ಇರಿಸಿ, ಅದು ತಾನಾಗಿ ನಿಲ್ಲುವವರೆಗೆ ಹಿಂದಕ್ಕೆ ಸರಿಸಿ ಎಂದಳು. ಹೆಗಲಿನ ಎಲುಬಿನ ಹಿಂದೆ ಜೀನು ನಿಂತಿತು. ಈಗ ನಿಮ್ಮ ಬೆರಳಿನಿಂದಲೇ ಕೊನೆಯ ಪಕ್ಕೆಲುಬು ಹುಡುಕಿ, ಅದರ ಜಾಡು ಹಿಡಿದು ಮೇಲಕ್ಕೆ ಬನ್ನಿ, ಭಾರ ಅಲ್ಲಿಗೆ ಮುಗಿಯಬೇಕು ಎಂದಳು. ಸಾಹುಕಾರನ ಬೆರಳು ಮೇಲಕ್ಕೆ ಬಂದು ಜೀನಿನ ತೊಗಲಿನ ಕೆಳಗೆ ಹೊಕ್ಕಿತು. ಜೀನಿನ ಹಲಗೆ ಪಕ್ಕೆಲುಬು ದಾಟಿ ಸೊಂಟದ ಮೇಲೆ ಒಂದು ಗೇಣು ಚಾಚಿತ್ತು. ಹಿಂದಿನ ಅಂಚು ಸೊಂಟದ ಎಲುಬಿಗೆ ಬಡಿಯುತ್ತಿತ್ತು.

“ಸ್ವಲ್ಪ ಉದ್ದ ಇದೆ, ಒಪ್ಪುತ್ತೇನೆ. ಆದರೆ ಅಷ್ಟಕ್ಕೆಲ್ಲ ಯಾವ ಕುದುರೆ ಕೆಡವುತ್ತದೆ, ತಾಯಿ?” ಎಂದು ಸಾಹುಕಾರ ನಕ್ಕ.

ಅಂಗೈಯನ್ನು ಹಲಗೆಯ ಕೆಳಗೆ ಇಡಿ ಎಂದಳು. ನಡುವೆ ಕೈ ಸಲೀಸಾಗಿ ಆಡಿತು. ಅಲ್ಲಿ ಜೀನು ಬೆನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಹಿಂದಿನ ತುದಿಯಲ್ಲಿ ಕೈ ಸಿಕ್ಕಿಕೊಂಡಿತು. ಕೈ ಅಲ್ಲೇ ಇರಲಿ, ಪಟ್ಟಿ ಬಿಗಿಸಿ, ಜೊತೆಗೆ ಬಂದ ನಿಮ್ಮ ಭಾವಮೈದುನರು ಹತ್ತಲಿ ಎಂದಳು. ಭಾವಮೈದುನ ಒಳ್ಳೆಯ ದಪ್ಪ ಆಳು. ಅವನು ಹತ್ತಿ ಕುದುರೆ ಒಂದೆರಡು ಹೆಜ್ಜೆ ಇಟ್ಟಿತೋ ಇಲ್ಲವೋ ಸಾಹುಕಾರ ಬೊಬ್ಬೆ ಹೊಡೆದ.

“ಇಳಿಯೋ ಮಾರಾಯ, ಕೈ ಹೋಯಿತು, ಇಳಿ.”

“ಮನೆಯಲ್ಲಿ ಊಟ ಹಾಕುವಾಗ ಯೋಚನೆ ಮಾಡಬೇಕಿತ್ತು ಭಾವ” ಎಂದು ಭಾವಮೈದುನ ಇಳಿದ. ಸಂತೆಯೆಲ್ಲ ನಕ್ಕಿತು. ಯಜಮಾನಿ ನಗಲಿಲ್ಲ.

“ನಿಮ್ಮ ಕೈಗೆ ಒಂದೆರಡು ಹೆಜ್ಜೆ ಸಾಕಾಯಿತು. ಅದರ ಬೆನ್ನಿಗೆ ದಿನವೂ ಅದೇ. ಬಿಗಿಯಾದ ಜೀನಿನ ಕೆಳಗೆ ಕಂಬಳಿ ತುರುಕಿದಷ್ಟೂ ಅದು ಹೆಚ್ಚು ಒತ್ತುತ್ತದೆ. ನೀವು ಮೂರು ತುರುಕಿದ್ದೀರಿ.”

ಸಾಹುಕಾರ ಕೈ ಉಜ್ಜಿಕೊಂಡ. ಅವನು ಕೆಟ್ಟವನೇನಲ್ಲ. ಹುಣ್ಣು ನೋಡಿ ಅವನಿಗೂ ಪೆಚ್ಚಾಯಿತು. ಆ ಜೀನನ್ನು ಇನ್ನು ನಡುಮನೆಯಿಂದ ಹೊರಗೆ ತರುವುದಿಲ್ಲ, ಕುದುರೆಯ ಅಳತೆಗೆ ಬೇರೆ ಮಾಡಿಸುತ್ತೇನೆ ಎಂದ. ಇನ್ನೊಂದು ಜೊತೆ ಕುದುರೆಯನ್ನೂ ನಿಮ್ಮಲ್ಲೇ ಕೊಳ್ಳುತ್ತೇನೆ ಎಂದ. ಹೆಗಲ ಮೇಲಿದ್ದ ಜರಿಯ ಶಾಲನ್ನು ತೆಗೆದು ಎರಡು ಕೈಯಲ್ಲಿ ಅವಳ ಮುಂದೆ ಹಿಡಿದ.

ಅವಳು ಕೈ ಚಾಚಲಿಲ್ಲ.

ಸಂತೆಯ ಹಿರಿಯರು ನಡುವೆ ಬಂದರು. ನಿಮ್ಮ ಹೆಸರು ಉಳಿಯಿತಲ್ಲ ತಾಯಿ, ದೊಡ್ಡ ಮನುಷ್ಯರು ಶಾಲು ಹಿಡಿದು ನಿಂತಿದ್ದಾರೆ, ಇಷ್ಟು ಬಿಗುಮಾನ ಹೆಣ್ಣುಮಕ್ಕಳಿಗೆ ಒಪ್ಪುವುದಿಲ್ಲ ಎಂದು ಬುದ್ಧಿ ಹೇಳಿದರು. ಆಗ ಅವಳಿಗೆ ಇಷ್ಟು ದಿನ ಬಾರದಷ್ಟು ಸಿಟ್ಟು ಬಂತು. ಅಫೀಮು ಎಂದು ಕೂಗಿದಾಗ ಇದೇ ಹಿರಿಯರು ಇಲ್ಲೇ ನಿಂತಿದ್ದರು. ಆ ಮಾತು ಯಾರಿಗೆ ಒಪ್ಪುತ್ತದೆ ಎಂದು ಆ ದಿನ ಒಬ್ಬರೂ ಕೇಳಿರಲಿಲ್ಲ.

“ಹುಣ್ಣು ಎಲ್ಲಿದೆ ಎಂದು ಕಂಡ ಮೇಲೂ ಅದರ ಮೇಲೆ ಹೊದಿಸುತ್ತಿದ್ದೀರಿ. ಸಾಹುಕಾರರೇ, ಇದು ನಾಲ್ಕನೆಯ ಕಂಬಳಿ. ನನಗೆ ಶಾಲು ಬೇಡ, ವ್ಯಾಪಾರ ಬೇಡ. ಕೂಗಿದ ಜಾಗದಲ್ಲಿ, ಕೂಗಿದಷ್ಟೇ ಗಟ್ಟಿಯಾಗಿ ಕ್ಷಮೆ ಕೇಳಿ.”

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಅಡುಗೆಮನೆಯಲ್ಲಿ ಗುರುಬಸಮ್ಮ ಸಂಜೆಯ ಪಂಕ್ತಿಗೆ ಎಲೆ ಒರೆಸುವುದು ಅವರು ಕೂತಲ್ಲಿಗೆ ಕಾಣುತ್ತಿತ್ತು.

“ಸಾಹುಕಾರ ಕ್ಷಮೆ ಕೇಳಿದನೆ, ಬುದ್ಧಿ?”

“ಇನ್ನೂ ಇಲ್ಲ. ಏಳು, ಪಂಕ್ತಿ ಕೂತ ಮೇಲೆ ಎಲ್ಲರ ಮುಂದೆ ನಿಂತು ಗುರುಬಸಮ್ಮನ ಕ್ಷಮೆ ಕೇಳು.”